ಒಳಚಿಲಕವಿಲ್ಲದ ಬಾಗಿಲು

ಚಿಲಕ ಬಿದ್ದ ಸದ್ದು ಕೇಳಿಸಿದ್ದು ನನ್ನ ಮಾತಿನ ಮಧ್ಯೆ.

“ನಿಮ್ಮಪ್ಪ ಈ ಕಟ್ಟಡ ಬುಟ್ಟು ಆಚೆಗೆ ಹೋಗೇ ಇಲ್ಲ ಕಣ್ರೀ,” ಎಂದು ನಾನು ಗೌರೀಶನ ಮುಖ ನೋಡುತ್ತಿದ್ದೆ. ಅವನ ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಕಾಯುತ್ತಿದ್ದೆ. ಬದಲಾಗಿದ್ದು ಬೆಳಕು. ಬಲ್ಬು ಆರಿತು. ಬೆನ್ನ ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು.

“ಯಾರದು?” ಎಂದು ಗದರಿದೆ. ಪೊಲೀಸ್ ಕೆಲಸದಲ್ಲಿ ಎಎಸ್‌ಐ ಆಗಿ ನಿವೃತ್ತಳಾದವಳು ನಾನು. ಪುಷ್ಪಾ ಎಂದರೆ ಹುಣಸೂರು ಸೀಮೆಯ ಕಳ್ಳರಿಗೆ ಇವತ್ತಿಗೂ ಸ್ವಲ್ಪ ಭಯವಿದೆ ಎಂದುಕೊಂಡಿದ್ದೇನೆ. ಬಾಗಿಲಾಚೆ ಇದ್ದವರಿಗೆ ಆ ಭಯ ಇರಲಿಲ್ಲ.

ಗೌರೀಶ ಹೋಗಿ ಬಾಗಿಲು ತಳ್ಳಿದ. ಆಮೇಲೆ ಭುಜ ಕೊಟ್ಟ. ಹಲಸಿನ ಹಲಗೆಗೆ ತಗಡು ಹೊಡೆದ ಬಾಗಿಲು ಅದು. ಅವನ ಭುಜ ನೊಂದಿದ್ದಷ್ಟೇ ಲಾಭ.

“ಒಳಗಡೆ ಚಿಲಕ ಎಲ್ಲಿ?” ಎಂದು ಕೇಳಿದೆ.

“ಇಲ್ಲ ಮೇಡಂ. ಇದು ಬ್ಯಾರನ್ ಅಲ್ವಾ? ಒಳಗೆ ಯಾರಿರ್ತಾರೆ ಅಂತ ಚಿಲಕ? ಹಳೇದನ್ನ ಹಳೇ ಥರಾನೇ ಉಳಿಸ್ಬೇಕು ಅಂತ ಅಪ್ಪಾಜಿ ಹಟ ಹಿಡಿದಿದ್ರು.”

ಅದು ನನಗೂ ಗೊತ್ತಿದ್ದ ವಿಷಯವೇ. ಗಾವಡಗೆರೆ ಸುತ್ತ ಹುಟ್ಟಿ ಬೆಳೆದವರಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಏನೆಂದು ಹೇಳಿಕೊಡಬೇಕೆ? ನಾಲ್ಕು ಗೋಡೆ, ಎತ್ತರದ ಸೂರು, ಎಲೆ ನೇತುಹಾಕಲು ಸಾಲುಸಾಲು ಗಳ. ನೆಲದಲ್ಲಿ ಹಾವಿನಂತೆ ಸುತ್ತುವ ತಗಡಿನ ಕೊಳವೆ. ಹಿಂದಿನ ಗೋಡೆಯಾಚೆ ಒಲೆ. ಒಲೆಯ ಬೆಂಕಿ ಕೊಳವೆ ಕಾಯಿಸುತ್ತದೆ, ಕೊಳವೆ ಒಳಗಿನ ಗಾಳಿ ಕಾಯಿಸುತ್ತದೆ, ಹೊಗೆ ಚಿಮಣಿಯಲ್ಲಿ ಹೊರಟುಹೋಗುತ್ತದೆ. ಸೂರಿನಡಿಯ ಗವಾಕ್ಷಿ ತೆಗೆಯುವ ಹಗ್ಗವೂ ಹೊರಗೆ, ಚಿಲಕವೂ ಹೊರಗೆ. ಒಳಗಿರುವುದು ಎಲೆ ಮಾತ್ರ.

ನನಗೆ ನನ್ನ ಮೇಲೇ ಸಿಟ್ಟು ಬಂತು. ಒಳಗೆ ಬಂದಾಗ ಬಾಗಿಲನ್ನು ಎಳೆದುಕೊಂಡವಳು ನಾನೇ. ಬ್ಯಾರನ್ ಬಾಗಿಲು ತೆರೆದು ಬಿಟ್ಟರೆ ಕಾವು ಹೋಗುತ್ತದೆ ಎಂದು ನಮ್ಮವ್ವ ಬೆನ್ನಿಗೆ ಗುದ್ದಿ ಕಲಿಸಿದ ಪಾಠ. ಒಲೆ ಆರಿ ಮೂವತ್ತು ವರ್ಷ ಕಳೆದ ಬ್ಯಾರನ್ನಿನಲ್ಲಿ ಯಾವ ಕಾವು ಹೋಗುತ್ತಿತ್ತು? ಆದರೂ ಕೈ ತಾನಾಗಿಯೇ ಎಳೆದಿತ್ತು. ಹೊರಗಿದ್ದವರಿಗೆ ಚಿಲಕ ಇಳಿಸುವುದಷ್ಟೇ ಉಳಿದ ಕೆಲಸ.

“ಫೋನ್ ಮಾಡಿ ಯಾರಿಗಾದ್ರೂ.”

ಗೌರೀಶ ಜೇಬು ಮುಟ್ಟಿಕೊಂಡು ಪೆಚ್ಚಾದ. “ಲಾಕರಲ್ಲಿದೆ. ನಿಮ್ದೂ ಅಲ್ಲೇ ಇದೆ.”

ಸರಿ! ಯಾರು ಒಳಗೆ ಹೋದರೂ ಫೋನು ಕೌಂಟರಿನ ಲಾಕರಿನಲ್ಲಿಡಬೇಕು, ಚಿತ್ರಗಳ ಫೋಟೋ ಹೊಡೆಯಬಾರದು. ಇದು ಇವನೇ ಮಾಡಿದ ಕಾನೂನು. ನಾನು ಗೊಣಗಿದ್ದೆ. “ರೂಲ್ಸ್ ಅಂದ್ರೆ ಎಲ್ರಿಗೂ ಒಂದೇ ಮೇಡಂ,” ಎಂದು ತನ್ನದನ್ನೂ ಇಟ್ಟಿದ್ದ. ಮಹರಾಯ.

“ಬಸವರಾಜು ಎಲ್ಲಿ?” ಬಸವರಾಜು ಎಂದರೆ ಇಲ್ಲಿನ ಕಾವಲುಗಾರ.

“ಸೋಮವಾರ ರಜ ಅಲ್ವಾ? ಚುಂಚನಕಟ್ಟೆಗೆ ಹೋದ, ಭಾವಮೈದನ ಗದ್ದೆಲಿ ನಾಟಿ ಅಂತೆ. ನಾಳೆ ಬೆಳಗ್ಗೆ ಬರ್ತಾನೆ, ಜೆಸಿಬಿ ಜೊತೆಗೆ.”

ಆ ಜೆಸಿಬಿಯೇ ನನ್ನ ಎದೆಯ ಮೇಲೆ ಕೂತಿತ್ತು. ಕಳೆದ ವಾರ ಒಂದು ಬೆಳಗ್ಗೆ ಗೌರೀಶನ ಅಪ್ಪ ನೀಲಕಂಠಸ್ವಾಮಿ ಮೇಷ್ಟ್ರು ತಾವೇ ಕಟ್ಟಿದ ಕಲಾ ಸಂಗ್ರಹಾಲಯದೊಳಗೆ ಹೋದವರು ಮತ್ತೆ ಕಾಣಿಸಿಲ್ಲ. ಮುಂಬಾಗಿಲ ಕ್ಯಾಮೆರಾದಲ್ಲಿ ಒಳಗೆ ಹೋದದ್ದಿದೆ, ಹೊರಗೆ ಬಂದದ್ದಿಲ್ಲ. ಅವರ ಹೆಂಡತಿ ಸರ್ವಮಂಗಳಮ್ಮ ನನ್ನ ಎರಡೂ ಕೈ ಹಿಡಿದು, “ಜೀವಂತವಾಗಿ ತಂದುಕೊಡಿ ತಾಯಿ, ಅಷ್ಟು ಸಾಕು,” ಎಂದಿದ್ದರು. ನಾಳೆ ಬೆಳಗ್ಗೆ ಈ ಬ್ಯಾರನ್ನನ್ನು ಕೆಡವಿ ಹೊಸ ಗಾಜಿನ ಕಟ್ಟಡವನ್ನು ಮುಂದಕ್ಕೆ ಬೆಳೆಸುವುದೆಂದು ಮಗ ಗೊತ್ತುಮಾಡಿದ್ದ. ಮೇಷ್ಟ್ರು ಈ ಗೋಡೆಗಳ ನಡುವೆಯೇ ಎಲ್ಲೋ ಇದ್ದಾರೆ ಎಂಬುದು ನನ್ನ ಲೆಕ್ಕ. ಹಾಗಿದ್ದರೆ ಅವರಿಗೆ ನಾಳೆಯವರೆಗೆ ಮಾತ್ರ ಸಮಯ. ಈಗ ನಮಗೂ ಅಷ್ಟೇ.

ಸೂರಿನ ಗಾಜಿನ ಹೆಂಚಿನಿಂದ ಒಂದಿಷ್ಟು ಬಿಸಿಲು ಇಳಿಯುತ್ತಿತ್ತು. ಆ ಬೆಳಕಿನಲ್ಲಿ ಮೇಷ್ಟ್ರ ಚಿತ್ರಗಳು ಕಂಡವು. ಅವರು ಚಿತ್ರ ಬರೆಯುತ್ತಿದ್ದುದು ಬಟ್ಟೆಯ ಮೇಲೆ. ಚೌಕಟ್ಟಿಲ್ಲ, ಮೊಳೆಯಿಲ್ಲ. ಹೊಗೆಸೊಪ್ಪು ಕಟ್ಟಿ ನೇತುಹಾಕುತ್ತಿದ್ದ ಅದೇ ಗಳಗಳಿಗೆ ಅದೇ ದಾರದಲ್ಲಿ ಕಟ್ಟಿ ಇಳಿಬಿಟ್ಟಿದ್ದರು. ದೂರದೂರದವರು ಇದನ್ನು ನೋಡಲು ಬರುತ್ತಿದ್ದರು. ಊರವರು ಮಾತ್ರ ಇವತ್ತಿಗೂ ಇದನ್ನು ಬಣ್ಣದ ಬ್ಯಾರನ್ ಎನ್ನುತ್ತಾರೆ.

ನಾನು ಬೆನ್ನನ್ನು ಗೋಡೆಗೆ ಕೊಟ್ಟು ಕುಳಿತೆ. ಬಾಗಿಲು ತೆರೆಯುವುದಿಲ್ಲ ಎಂದ ಮೇಲೆ ಬಾಯಿ ತೆರೆಸುವ ಕೆಲಸವನ್ನಾದರೂ ಮಾಡೋಣ ಎಂದುಕೊಂಡೆ.

“ಗೌರೀಶ್, ಬೆಳಗ್ಗೆ ನಾನು ಬಾವಿ ಹಗ್ಗ ಇಸ್ಕೊಂಡು ನಿಮ್ಮ ಕಟ್ಟಡ ಅಳೆದೆ. ಮೊದಲು ಹೊರಗಡೆಯಿಂದ. ಆಮೇಲೆ ಒಳಗಡೆಯಿಂದ, ಈ ಬ್ಯಾರನ್ನು, ಹಿಂದಿನ ಹೆಂಚಿನ ಹಜಾರ, ಎರಡನ್ನೂ. ಹೊರಗಿನ ಉದ್ದ ಜಾಸ್ತಿ ಬತ್ತದೆ. ಒಳಗಿಂದು ಕೂಡಿದ್ರೂ ಸೇರಲ್ಲ.”

“ಮಧ್ಯೆ ಗೋಡೆ ದಪ್ಪ ಇದೆ. ಚೇತನ್‌ಕುಮಾರ್ ಡ್ರಾಯಿಂಗಲ್ಲೂ ಹಂಗೇ ತೋರಿಸವ್ನೆ.” ಚೇತನ್‌ಕುಮಾರ್ ಮೈಸೂರಿನ ಆರ್ಕಿಟೆಕ್ಟ್. ಮುಂಭಾಗದ ಗಾಜಿನ ಕಟ್ಟಡ ಅವನದೇ ಕೆಲಸ.

“ಒಬ್ಬ ಮನುಷ್ಯ ಕೈ ಚಾಚಿ ನಿಂತ್ಕೊಳ್ಳೋವಷ್ಟು ದಪ್ಪ ಗೋಡೆನಾ? ಇದೇನು ಕೋಟೆನೇನ್ರೀ?”

ಅವನು ಹಿಂದಿನ ಗೋಡೆಯ ಕಡೆ ನೋಡಿದ.

“ಆ ಹಜಾರ ಕಟ್ಟಿದ್ದು ಯಾರು?”

“ನಮ್ಮೂರ ಗಾರೆ ಸಣ್ಣಬೀರಯ್ಯ. ಅವನು ತೀರ್ಕೊಂಡು ಎಷ್ಟೋ ವರ್ಷ ಆಯ್ತು.”

“ಅವನು ಊರಿನ ಗಾರೆಯವನು. ಬ್ಯಾರನ್ ಗೋಡೆಗೆ ಇನ್ನೊಂದು ಗೋಡೆ ಅಂಟಿಸ್ತಾನಾ? ಕಾವಿಗೆ ಬಿರುಕು ಬುಡ್ತದೆ, ಬೆಂಕಿ ಹತ್ಕೊಂಡ್ರೆ ಪಕ್ಕದ್ದೂ ಹೋಯ್ತದೆ. ನಮ್ ಕಡೆ ದನದ ಕೊಟ್ಟಿಗೆನೂ ಒತ್ತಿ ಕಟ್ಟಲ್ಲ. ನಿಮ್ಮಪ್ಪ ಒಲೆ ಆರಿಸಿ ಆಗಿತ್ತು, ಇನ್ನು ಇದು ಚಿತ್ರದ ಮನೆ ಅಂತ ಹೇಳಿದ್ರೂ ಅವನ ಕೈ ಕೇಳಿರಲ್ಲ. ಒಲೆಬಾಯಿ ಮುಂದೆ ಸಂದಿ ಬುಟ್ಟೇ ಗೋಡೆ ಎತ್ತವ್ನೆ. ಮೇಲೆ ಒಂದೇ ಸೂರು ಎಳೆದವ್ನೆ. ಮೈಸೂರಿನವ್ರು ಬಂದು ನೋಡಿದಾಗ ಕಂಡಿದ್ದು ಒಂದು ದಪ್ಪ ಗೋಡೆ.”

ಗೌರೀಶ ಆ ಗೋಡೆಗೆ ಅಂಗೈ ಇಟ್ಟ.

“ಸಂದಿ…” ಎಂದ. “ಹೌದು. ಚಿಕ್ಕವನಿದ್ದಾಗ ಅಲ್ಲಿ ಬಚ್ಚಿಟ್ಕೊಳ್ತಿದ್ದೆ. ಒಂದು ತಡಿಕೆ ಬಾಗ್ಲಿತ್ತು. ಗಾಜಿನ ಕಟ್ಟಡ ಬಂದಾಗ ಅಲ್ಲಿಗೆ ಹಲಗೆ ಹೊಡೆದು ಬಣ್ಣ ಬಳಿಸಿಬಿಟ್ವಿ. ನಂಗೆ ಮರತೇ ಹೋಗಿತ್ತು ಪುಷ್ಪಕ್ಕ.”

ಮೇಡಂ ಹೋಗಿ ಅಕ್ಕ ಬಂದಿತ್ತು. ನಾನೂ ಬಹುವಚನವನ್ನು ಪಕ್ಕಕ್ಕಿಟ್ಟೆ.

“ಮರತಿತ್ತೋ, ನೆನಪಿತ್ತೋ? ಸರಿಯಾಗಿ ಹೇಳು. ಅವತ್ತು ಬೆಳಗ್ಗೆ ಅಪ್ಪ ಮಗ ಜಗಳ ಆಡಿದ್ರಿ. ಬಸವರಾಜು ಕೇಳಿಸ್ಕೊಂಡವ್ನೆ. ನಿಮ್ಮಪ್ಪ ಆ ಸಂದಿಗೆ ಹೋದ್ರು. ನೀನು ಹಲಗೆ ಮುಚ್ಚಿದೆ. ನಾಳೆ ಜೆಸಿಬಿ ಬಂದು ಮಿಕ್ಕಿದ್ದು ಮುಗಿಸ್ತದೆ. ಅಂಗೇ ತಾನೆ?”

ಅವನು ನನ್ನ ಮೇಲೆ ಬೀಳುತ್ತಾನೆ ಎಂದುಕೊಂಡೆ. ಬೀಳಲಿಲ್ಲ. ಗೋಡೆಗೆ ಹಣೆ ಕೊಟ್ಟು ನಿಂತ.

“ಜಗಳ ಆಡಿದ್ದು ನಿಜ. ಗಾಜಿನ ಸೂರಿನ ನೀರೆಲ್ಲ ಈ ಗೋಡೆ ಬುಡಕ್ಕೆ ಬೀಳ್ತಿತ್ತು. ಮಣ್ಣಿನ ಗೋಡೆ, ತೇವ ಹಿಡೀತು. ಚಿತ್ರಗಳಿಗೆ ಬೂಷ್ಟು ಬಂತು. ‘ನಿನ್ನ ಗಾಜು ನನ್ನ ಬ್ಯಾರನ್ ಕೊಲ್ತಾ ಐತೆ ಕಣೋ’ ಅಂದ್ರು. ನಾನು ಸಿಟ್ಟಲ್ಲಿ, ಹೆಂಗೂ ಸಾಯ್ತಾ ಇದೆ, ಕೆಡವಿಬಿಡೋಣ ಅಂದೆ. ಚಿತ್ರನೆಲ್ಲ ಹೊಸ ಹಾಲಲ್ಲಿ ಏಸಿಯಲ್ಲಿ ಇಡ್ತೀನಿ ಅಂದೆ. ಅದು ತಪ್ಪಾ? ಚಿತ್ರ ಉಳೀಲಿ ಅಂತ ತಾನೆ ಅಂದಿದ್ದು?”

“ಅದಕ್ಕೆ ಅವ್ರೇನಂದ್ರು?”

“‘ನಾನು ಒಳಗಿದ್ದಾಗ ಕೆಡವು’ ಅಂದ್ರು.” ಅವನ ದನಿ ಒಡೆಯಿತು. “ಅದೇ ಕೊನೆ ಮಾತು. ಬೈಲಕುಪ್ಪೆ ಕಡೆ ಚಿತ್ರ ಬರೆಯಕ್ಕೆ ಹೋಗಿರ್ತಾರೆ, ಸಿಟ್ಟು ಇಳಿದ್ಮೇಲೆ ಬತ್ತಾರೆ ಅಂದ್ಕೊಂಡಿದ್ದೆ. ಅಪ್ಪಾಜಿ ಆ ಸಂದೀಲಿ ಇದ್ರೆ, ಇಷ್ಟು ದಿನ ಅನ್ನ ನೀರಿಲ್ದೆ… ಅಕ್ಕ, ನಾನು ಮುಚ್ಚಿಲ್ಲ. ನಮ್ಮವ್ವನ ಮೇಲಾಣೆ.”

ಠಾಣೆಯಲ್ಲಿ ಆಣೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಆದರೂ ಇದನ್ನು ನಂಬಿದೆ. ನಂಬಲು ಬೇರೆ ಕಾರಣವೂ ಇತ್ತು. ಇವನೇ ಅಪರಾಧಿಯಾದರೆ ಇವನನ್ನೂ ನನ್ನ ಜೊತೆ ಕೂಡಿಹಾಕಿದ್ದು ಯಾರು?

ಆಗ ನನ್ನ ಕಣ್ಣಿಗೆ ಬಿದ್ದದ್ದು ಚಿತ್ರಗಳು. ಅವು ಅಲುಗುತ್ತಿದ್ದವು.

ಗಾಳಿಗೆ ದಾರಿಯೇ ಇಲ್ಲದ ಕಡೆ ಮೊದಲು ಕೆಳಗಿನ ಸಾಲಿನ ಬಟ್ಟೆಗಳು ಅಲುಗಿದವು, ಆಮೇಲೆ ಮೇಲಿನವು. ಮೇಲೆ ಯಾರೂ ಇರಲಿಲ್ಲ. ಗವಾಕ್ಷಿ ಮುಚ್ಚಿತ್ತು. ಗಾಳಿ ಹೊರಗಿನಿಂದ ಬರುತ್ತಿರಲಿಲ್ಲ, ನೆಲದಿಂದ ಏಳುತ್ತಿತ್ತು.

ನಾನು ಬಗ್ಗಿ ಕೊಳವೆಯ ಮೇಲೆ ಕೈ ಇಟ್ಟೆ. ತಟ್ಟನೆ ಕಿತ್ತುಕೊಂಡೆ.

“ಈ ಕೊಳವೆನ ಒಲೆಯಿಂದ ಕತ್ತರಿಸಿದೀವಿ ಅಂದಿದ್ದೆ?”

“ಕತ್ತರಿಸಿದೀವಿ! ಗೋಡೆ ಹತ್ರ ಇಟ್ಟಿಗೆ ಮುಚ್ಚಿದ್ವಿ. ಇದು ಬರೀ ನೋಡಕ್ಕೆ ಇಟ್ಟಿರೋದು. ಬಂದವ್ರೆಲ್ಲ ಶಿಲ್ಪ ಅಂತಾರೆ.”

“ಶಿಲ್ಪ ಸುಡ್ತಾ ಐತೆ, ಮುಟ್ಟಿ ನೋಡು.”

ಗೋಡೆಗೆ ಕೊಳವೆ ಸೇರುವ ಕಡೆ ಮೊಣಕಾಲೂರಿ ನೋಡಿದೆ. ಇಟ್ಟಿಗೆ ಬಿಚ್ಚಿತ್ತು. ಕತ್ತರಿಸಿದ ತುದಿಗೆ ಹೊಸ ತಗಡು ಸುತ್ತಿ, ಬೂದಿ ಕಲಸಿದ ಜೇಡಿಮಣ್ಣನ್ನು ಮೆತ್ತಿತ್ತು. ಮಣ್ಣಿನ ಮೇಲೆ ಬೆರಳಿನ ಗೆರೆಗಳು ಒಣಗಿದ್ದವು. ಅಂದರೆ ಇದು ಈ ಗಳಿಗೆಯ ಕೆಲಸವಲ್ಲ, ಒಂದೆರಡು ದಿನ ಮುಂಚೆ ಸಿದ್ಧಮಾಡಿ ಇಟ್ಟಿದ್ದು. ಬಾಗಿಲ ಕಡೆ ತಿರುಗಿದರೆ ಅಲ್ಲಿಯೂ ಹಸಿ ಮಣ್ಣಿನ ವಾಸನೆ. ಹೊಸ್ತಿಲ ಸಂದಿನಿಂದ ಬರುತ್ತಿದ್ದ ಬೆಳಕಿನ ಗೆರೆ ನಾನು ನೋಡುತ್ತಿದ್ದಂತೆಯೇ ಒಂದು ಕಡೆಯಿಂದ ಮಾಯವಾಗುತ್ತ ಬಂತು. ಯಾರೋ ಹೊರಗೆ ಕುಕ್ಕುರುಗಾಲಲ್ಲಿ ಕೂತು ಬಾಗಿಲ ಸಂದಿಗೆ ಮಣ್ಣು ಮೆತ್ತುತ್ತಿದ್ದರು.

“ಯಾರ್ರೀ ಅದು! ಒಳಗೆ ಜನ ಇದೀವಿ!” ಗೌರೀಶ ಬಾಗಿಲು ಗುದ್ದಿದ.

ಬೆಳಕಿನ ಗೆರೆ ಪೂರ್ತಿ ಹೋಯಿತು. ಹೆಜ್ಜೆ ದೂರವಾಯಿತು.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಮಚ್ಚು ಹಿಡಿದವನ ಎದುರು ನಿಂತಿದ್ದೇನೆ, ಆಗ ಇಷ್ಟು ಹೆದರಿರಲಿಲ್ಲ. ಮಚ್ಚು ಹಿಡಿದವನಿಗೆ ಬೈಯಬಹುದು. ಗೋಡೆಗೆ ಬೈದು ಏನು ಬಂತು?

“ಚಿಮಣೀಲಿ ಹೊಗೆ ಹೋಗುತ್ತೆ!” ಗೌರೀಶನ ಮುಖ ಅರಳಿತು. “ಊರವ್ರು ನೋಡ್ತಾರೆ ಅಕ್ಕ. ಮೂವತ್ತು ವರ್ಷದಿಂದ ಹೊಗೆ ಬಂದಿಲ್ಲ ಇದ್ರಲ್ಲಿ.”

“ಇದು ಯಾವ ತಿಂಗಳಪ್ಪ?”

ಅವನ ಮುಖ ಮತ್ತೆ ಬಾಡಿತು. ಸೊಪ್ಪು ಮುರಿಯುವ ಕಾಲ. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಎತ್ತ ನೋಡಿದರೂ ಬ್ಯಾರನ್ನುಗಳ ಹೊಗೆ. ಈ ದಿನಗಳಲ್ಲಿ ಚಿಮಣಿಯಲ್ಲಿ ಹೊಗೆ ಬಾರದಿದ್ದರೆ ಜನ ತಿರುಗಿ ನೋಡುತ್ತಾರೆಯೇ ಹೊರತು, ಬಂದರೆ ಯಾರು ನೋಡುತ್ತಾರೆ? ಅಲ್ಲೊಬ್ಬ ಬೇಯಿಸುತ್ತಿದ್ದಾನೆ ಎಂದುಕೊಂಡು ಹೋಗುತ್ತಾರೆ.

ಕಾವು ಏರುತ್ತ ಬಂದಂತೆ ಗೋಡೆಯಿಂದ ಹಳೆಯ ವಾಸನೆ ಎದ್ದಿತು. ಮೂವತ್ತು ವರ್ಷದ ಹಿಂದಿನ ಹೊಗೆಸೊಪ್ಪು ಮಣ್ಣಿನೊಳಗೆ ಇನ್ನೂ ಕೂತಿತ್ತು. ನನಗೆ ಸೀನು ಬಂತು. ಅವ್ವನ ಸೀರೆಯ ವಾಸನೆಯೂ ಇದೇ ಆಗಿತ್ತು. ಅಳು ಬರುವಂತಾಯಿತು, ಬೈದುಕೊಂಡು ತಡೆದೆ.

“ಬಸವರಾಜುನೇ ಇರ್ಬೇಕು,” ಎಂದ ಗೌರೀಶ. ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದ. “ಚುಂಚನಕಟ್ಟೆ ಅಂತ ಸುಳ್ಳು ಹೇಳವ್ನೆ. ಇಲ್ಲಾ, ಚೇತನ್‌ಕುಮಾರ್. ಈ ಬ್ಯಾರನ್ ಕಂಡ್ರೆ ಅವನಿಗೆ ಆಗ್ತಿರಲಿಲ್ಲ. ಅವನ ಹತ್ರ ಕೀ ಇದೆ.”

“ಸುಮ್ನಿರು. ಯೋಚ್ನೆ ಮಾಡಕ್ಕೆ ಬುಡು.”

ನಾನು ಬಾಗಿಲಿನ ಹತ್ತಿರ ಹೋದೆ. ಮುಖದ ಎತ್ತರಕ್ಕೆ ಅಂಗೈಯಗಲದ ಒಂದು ಗಾಜು. ಎಲೆ ಎಷ್ಟು ಹಳದಿಯಾಯಿತು ಎಂದು ಹೊರಗಿನಿಂದ ಇಣುಕಿ ನೋಡಲು ಇಟ್ಟದ್ದು. ಅದರ ಒಳಬದಿಗೆ ಒಂದು ಥರ್ಮಾಮೀಟರು ತೂಗುತ್ತಿತ್ತು, ಮುಖ ಹೊರಕ್ಕೆ. ಓದಬೇಕಾದವರು ಹೊರಗಿರುವವರು ತಾನೆ? ಒಳಗಿರುವವರಿಗೆ ಅದರ ಬೆನ್ನು. ಬೆಳಗ್ಗೆ ನಾನು ಈ ಬಾಗಿಲ ಮುಂದೆ ಓಡಾಡಿದಾಗ ಗಾಜಿನ ಹಿಂದೆ ಏನೂ ಇರಲಿಲ್ಲ. ಮಧ್ಯಾಹ್ನದೊಳಗೆ ಯಾರೋ ತಂದು ತೂಗುಹಾಕಿದ್ದರು.

ಅದನ್ನು ಒಳಕ್ಕೆ ತಿರುಗಿಸಿದೆ. ಪಾದರಸ ನೂರು ಡಿಗ್ರಿ ಫ್ಯಾರನ್‌ಹೀಟನ್ನು ಆಗಷ್ಟೇ ದಾಟಿತ್ತು.

ನನ್ನ ತಲೆಯಲ್ಲಿ ಏನೋ ಕೂಡಿಕೊಂಡಿತು.

“ಗೌರೀಶ, ನಮ್ಮನ್ನ ಕೊಲ್ಲಬೇಕು ಅನ್ನೋನು ಒಲೇಲಿ ಎಂಗೆ ಸೌದೆ ಹಾಕ್ತಾನೆ? ತುಂಬಿ ತುರುಕ್ತಾನೆ. ಇಷ್ಟೊತ್ತಿಗೆ ನಾವು ಬಿದ್ದಿರಬೇಕಿತ್ತು. ಇವನು ತುರುಕಿಲ್ಲ. ಇದು ಎಲೆ ಹಳದಿ ಬರಿಸೋ ಕಾವು. ಒಂದೊಂದೇ ಸೌದೆ ತುಂಡು ಹಾಕಿ, ಕಾದು, ನೋಡಿ ಏರಿಸ್ತಾ ಅವ್ನೆ. ಏಕಾಏಕಿ ಏರಿಸಿದ್ರೆ ಎಲೆ ಕಂದೋಗ್ತದೆ.”

“ಇಲ್ಲಿ ಎಲೆ ಎಲ್ಲಿದೆ?”

“ಎಲೆ ಇಲ್ಲ. ಬಟ್ಟೆ ಐತೆ. ಏಕಾಏಕಿ ಕಾಯಿಸಿದ್ರೆ ಬಣ್ಣ ಬಿರೀತದೆ.” ನಾನು ಅವನ ಕಡೆ ತಿರುಗಿದೆ. “ತೇವ ಹಿಡಿದ ಬ್ಯಾರನ್ನ ಹೊಸ ಸೊಪ್ಪು ತುಂಬೋಕೆ ಮುಂಚೆ ಕಾಯಿಸಿ ಒಣಗಿಸ್ತಾರೆ, ಗೊತ್ತೇನೋ ನಿಂಗೆ? ಬಸವರಾಜು ಗದ್ದೆಯವ್ನು, ಅವನಿಗೆ ಭತ್ತ ಗೊತ್ತು. ನಿನ್ನ ಆರ್ಕಿಟೆಕ್ಟಿಗೆ ಒಲೆಬಾಯಿ ಎಲ್ಲೈತೆ ಅಂತಾನೇ ಗೊತ್ತಿಲ್ಲ. ಆ ಸಂದಿ ಹಲಗೆ ಬಿಚ್ಚಿ, ಬೂದಿಮಣ್ಣು ಕಲಸಿ, ಬಾಗಿಲು ಮೆತ್ತಿ, ಬಣ್ಣ ಬಿರೀದಂಗೆ ಕಾವು ಕೊಡೋ ಕೈ ಈ ಊರಲ್ಲಿ ಯಾರ್ದು ಹೇಳು?”

ಗೌರೀಶ ನನ್ನನ್ನು ಪಿಳಿಪಿಳಿ ನೋಡಿದ. ಅರ್ಥವಾಗಿತ್ತು, ಒಪ್ಪಿಕೊಳ್ಳಲು ಆಗುತ್ತಿರಲಿಲ್ಲ.

“ಬ್ಯಾರನ್ ಒಣಗಿಸೋದೇ ಅವರ ಕೆಲಸ ಆಗಿದ್ರೆ,” ಎಂದೆ, “ನಾವು ಒಳಗಿರೋದು ಅವರಿಗೆ ಗೊತ್ತಿಲ್ಲ ಅಂದ್ಕೊಬಹುದು. ವಯಸ್ಸಾಗೈತೆ, ಕಿವಿ ಮಂದ.”

ನನ್ನ ಮಾತಿನಲ್ಲಿ ನನಗೇ ನಂಬಿಕೆ ಇರಲಿಲ್ಲ. ಹಳದಿ ಬರಿಸುವ ಕಾವಾದ ಮೇಲೆ ಎಲೆ ಒಣಗಿಸುವ ಕಾವು, ಅದಾದ ಮೇಲೆ ಎಲೆಯ ನಡುವಿನ ಕಡ್ಡಿ ಒಣಗಿಸುವ ಕಾವು, ನೂರಾ ಅರವತ್ತು. ಅಲ್ಲಿಗೆ ತಲುಪುವ ಮುಂಚೆಯೇ ಮನುಷ್ಯನ ಕತೆ ಮುಗಿದಿರುತ್ತದೆ. ಅದನ್ನು ಗೌರೀಶನಿಗೆ ಹೇಳಲಿಲ್ಲ.

ಗಾಜಿನ ಮೇಲೆ ಟಕ್ ಟಕ್ ಎಂದು ಸದ್ದಾಯಿತು.

ಹೊರಗೊಂದು ಮುಖವಿತ್ತು. ಮಸಿ ಹಿಡಿದ ಕೆನ್ನೆ, ವಾರದ ಗಡ್ಡ, ಬೆವರಿಗೆ ಕರಗಿ ಹುಬ್ಬಿಗೆ ಇಳಿದ ವಿಭೂತಿ. ಸರ್ವಮಂಗಳಮ್ಮ ಕೊಟ್ಟ ಫೋಟೋದಲ್ಲಿ ಎಷ್ಟು ಸಲ ನೋಡಿದ್ದೆನೋ ಆ ಮುಖವನ್ನು.

“ಅಪ್ಪಾಜಿ!”

ಗೌರೀಶ ನನ್ನನ್ನು ತಳ್ಳಿಕೊಂಡೇ ಬಂದ. ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದ. ಗಳಗಳನೆ ಅತ್ತ. “ಬದುಕವ್ರೆ ಅಕ್ಕ, ನಮ್ಮಪ್ಪಾಜಿ ಬದುಕವ್ರೆ! ಅಪ್ಪಾಜಿ, ನಾನು, ಗೌರೀಶ! ಬಾಗ್ಲು ತೆಗೀರಿ! ಜೆಸಿಬಿ ಬೇಡ ಅಂತೀನಿ, ಏನೂ ಕೆಡವಲ್ಲ, ನಿಮ್ಮಾಣೆ!”

ಮೇಷ್ಟ್ರು ಮಗನನ್ನು ನೋಡಿದರು. ಆಮೇಲೆ ಅವನ ಭುಜದ ಮೇಲಿಂದ ನನ್ನನ್ನೂ ನೋಡಿದರು. ಆ ಕಣ್ಣಿನಲ್ಲಿ ಆಶ್ಚರ್ಯ ಇರಲಿಲ್ಲ. ನಾವು ಒಳಗಿರುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಅವರು ಮತ್ತೆ ಗಾಜು ತಟ್ಟಿದರು. ಬೆರಳಿನಿಂದ ಥರ್ಮಾಮೀಟರನ್ನು ತೋರಿಸಿದರು. ತಿರುಗಿಸು ಎಂದು ಬೆರಳು ಸುತ್ತಿಸಿದರು.

ನಾನು ಗೌರೀಶನ ಮಣಿಕಟ್ಟು ಹಿಡಿದೆ. “ಬ್ಯಾಡ ಕಣೋ. ತಿರುಗಿಸ್ಬೇಡ.”

“ಅಪ್ಪಾಜಿ ಹೇಳ್ತಾವ್ರೆ ಅಕ್ಕ,” ಎಂದ ಅವನು, ಅಳುತ್ತಳುತ್ತಲೇ ನಗುತ್ತ. ಕೈ ಬಿಡಿಸಿಕೊಂಡು ತಿರುಗಿಸಿಯೇಬಿಟ್ಟ.

ಮೇಷ್ಟ್ರು ಹೆಗಲ ಟವೆಲಿನಿಂದ ಗಾಜು ಒರೆಸಿ ಕಣ್ಣು ಕಿರಿದು ಮಾಡಿ ಓದಿದರು. ಸಾಲದು ಎನ್ನುವಂತೆ ತಲೆಯಾಡಿಸಿದರು. ತಿರುಗಿ ನಡೆದರು.

ಸ್ವಲ್ಪ ಹೊತ್ತಿಗೆ ಹಿಂದಿನ ಗೋಡೆಯಾಚೆ ಸೌದೆ ಬಿದ್ದ ಸದ್ದು ಕೇಳಿತು, ಈ ಸಲ ಒಂದಲ್ಲ, ಒಂದು ತೋಳಿನ ತುಂಬ. ಗೌರೀಶ ಇನ್ನೂ ಖಾಲಿ ಗಾಜಿನ ಮುಂದೆ ನಿಂತು ಅಪ್ಪನಿಗೆ ಕೈ ಬೀಸುತ್ತಿದ್ದ.